ಪೆಟ್ಟಿಗೆಯ ಮೇಲಿನ ದೊಡ್ಡ ಅಂಕಿ

ಕಲಘಟಗಿ ತಾಲೂಕಿನ ತಂಬೂರದಂಥ ಊರಿನಲ್ಲಿ ಕಬ್ಬಿಣ ಜೋಡಿಸುವ ಕೆಲಸಕ್ಕೆ ಕೊರತೆಯಿಲ್ಲ. ಕುಂಟೆಯ ಕುಡ ಸವೆಯುತ್ತದೆ, ಕಲ್ಟಿವೇಟರಿನ ಹಲ್ಲು ಮುರಿಯುತ್ತದೆ, ಟ್ರೇಲರಿನ ಹಿಂಬಾಗಿಲು ಕೀಲು ಬಿಡುತ್ತದೆ, ದನದ ಕೊಟ್ಟಿಗೆಗೆ ಗೇಟು ಬೇಕಾಗುತ್ತದೆ. ಒಂದು ಕಾಲಕ್ಕೆ ಇಂಥವು ಕಂಬಾರನ ಕುಲುಮೆಗೆ ಹೋಗುತ್ತಿದ್ದವು. ಆಮೇಲೆ ರಸ್ತೆ ಬದಿಯ ವೆಲ್ಡಿಂಗ್ ಅಂಗಡಿಗೆ ಹೋಗತೊಡಗಿದವು. ಈಗ ಮೂರನೆಯ ಹಂತ ಶುರುವಾಗಿದೆ. ನಾಲ್ಕೈದು ಕಿಲೋ ತೂಗುವ, ಹೆಗಲಿಗೆ ನೇತುಹಾಕಿಕೊಂಡು ಹೋಗಬಹುದಾದ ಇನ್ವರ್ಟರ್ ವೆಲ್ಡಿಂಗ್ ಮಷಿನ್ ಒಂದು ಸಾಧಾರಣ ಮೊಬೈಲ್ ಫೋನಿನ ಬೆಲೆಗೆ ಹುಬ್ಬಳ್ಳಿಯ ಅಂಗಡಿಗಳಲ್ಲಿ ಸಿಗುತ್ತದೆ. ಐಟಿಐಯ ವೆಲ್ಡರ್ ಟ್ರೇಡಿಗೆ ಸೇರಿದ ಹುಡುಗ, ಇಂಜಿನಿಯರಿಂಗ್ ಓದುತ್ತ ಪ್ರಾಜೆಕ್ಟ್ ಮಾಡಬೇಕಾದ ಹುಡುಗಿ, ಹೊಲದ ಸಾಮಾನು ತಾನೇ ರಿಪೇರಿ ಮಾಡಿಕೊಳ್ಳಬೇಕೆನ್ನುವ ರೈತ, ಮೂವರೂ ಅಂಗಡಿಯಲ್ಲಿ ಕೇಳುವ ಮೊದಲ ಪ್ರಶ್ನೆ ಒಂದೇ: ಎಷ್ಟು ಆಂಪಿಯರ್‌ದು? ಉತ್ತರವನ್ನು ಪೆಟ್ಟಿಗೆಯೇ ಕೊಡುತ್ತದೆ, 200 ಎಂದು ಅಂಗೈ ಅಗಲದ ಅಕ್ಷರದಲ್ಲಿ. ಪಕ್ಕದಲ್ಲಿಟ್ಟ ಹೆಲ್ಮೆಟ್ಟಿನ ಪೆಟ್ಟಿಗೆಯ ಮೇಲೆ ಇನ್ನೊಂದು ಅಂಕಿ ಇರುತ್ತದೆ, ಗಾಜು ಕಪ್ಪಾಗಲು ಹಿಡಿಯುವ ಹೊತ್ತಿನದು: ಸೆಕೆಂಡಿನ 25,000ದಲ್ಲಿ ಒಂದು ಪಾಲು. ಕೊಳ್ಳುವವನಿಗೆ ಅತಿ ಕಡಿಮೆ ಉಪಯೋಗಕ್ಕೆ ಬರುವ ಅಂಕಿಗಳು ಈ ಎರಡೇ ಎಂಬುದು ಈ ಅಧ್ಯಾಯದ ವಾದ. ಆಯ್ಕೆ ಶುರುವಾಗಬೇಕಾದದ್ದು ಕಣ್ಣಿನಿಂದ. ಅಲ್ಲಿಂದ ಮನೆಯ ವೈರಿಗೆ ಬರಬೇಕು. ಮಷಿನ್ ಕಟ್ಟಕಡೆಗೆ.

ಕಣ್ಣಿನಿಂದಲೇ ಏಕೆ ಎಂದರೆ, ಉಳಿದ ಯಾವ ತಪ್ಪು ಆಯ್ಕೆಯನ್ನಾದರೂ ಮುಂದೆ ತಿದ್ದಿಕೊಳ್ಳಬಹುದು. ವೆಲ್ಡಿಂಗ್ ರಾಡಿನ ತುದಿಗೂ ಕಬ್ಬಿಣಕ್ಕೂ ನಡುವಿನ ಎರಡು-ಮೂರು ಮಿಲಿಮೀಟರ್ ಸಂದಿನಲ್ಲಿ ಗಾಳಿಯೇ ವಿದ್ಯುತ್ ಹರಿಸುವ ಅನಿಲವಾಗಿ ಮಾರ್ಪಡುತ್ತದೆ, ಆರ್ಕ್ ಎನ್ನುವುದು ಇದಕ್ಕೇ. ಅದರ ತಾಪ ಐದಾರು ಸಾವಿರ ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಸೂರ್ಯನ ಮೇಲ್ಮೈಯ ತಾಪ ಸುಮಾರು 5,500. ಅಷ್ಟು ಕಾದ ವಸ್ತು ನಮಗೆ ಕಾಣುವ ಬೆಳಕನ್ನಷ್ಟೇ ಕೊಡುವುದಿಲ್ಲ. ನೇರಳೆಯ ಆಚೆಗಿನ ಅತಿನೇರಳೆ ಕಿರಣ, ಕೆಂಪಿನ ಈಚೆಗಿನ ಅವಕೆಂಪು ಕಿರಣ ಎರಡೂ ಜೊತೆಗೆ ಹೊರಡುತ್ತವೆ. ಸೂರ್ಯನ ಅತಿನೇರಳೆಯಲ್ಲಿ ಅತ್ಯಂತ ಹಾನಿಕರವಾದ, 280 ನ್ಯಾನೋಮೀಟರಿಗಿಂತ ಚಿಕ್ಕ ಅಲೆಗಳ ಭಾಗವನ್ನು ಮೇಲಿನ ಓಝೋನ್ ಪದರ ಪೂರ್ತಿ ನುಂಗಿಕೊಳ್ಳುತ್ತದೆ. ಅಂಗಳದಲ್ಲಿ ಹೊತ್ತಿದ ಆರ್ಕಿಗೂ ನಮ್ಮ ಕಣ್ಣಿಗೂ ನಡುವೆ ಅಂಥ ಪದರವಿಲ್ಲ. ಭೂಮಿಯ ಮೇಲೆ ವಿಕಾಸಗೊಂಡ ಯಾವ ಕಣ್ಣೂ ಈ ಕಿರಣವನ್ನು ಎದುರಿಸಿ ಪಳಗಿದ್ದಲ್ಲ.

ಮೂರು ಬಗೆಯ ಕಿರಣ ಕಣ್ಣಿನ ಮೂರು ಬೇರೆ ಬೇರೆ ಜಾಗಗಳನ್ನು ಹುಡುಕಿಕೊಂಡು ಹೋಗುತ್ತವೆ. ಅತಿನೇರಳೆಯನ್ನು ಕಣ್ಣಿನ ಮುಂದಿನ ಪಾರದರ್ಶಕ ಪೊರೆ, ಅಂದರೆ ಕಾರ್ನಿಯಾ, ಹೀರಿಕೊಳ್ಳುತ್ತದೆ. ಅದರ ಹೊರಪದರದ ಕೋಶಗಳು ಸುಟ್ಟುಹೋಗುತ್ತವೆ, ಆದರೆ ಕೂಡಲೇ ಉದುರುವುದಿಲ್ಲ. ಆದ್ದರಿಂದ ಸಂಜೆ ವೆಲ್ಡಿಂಗ್ ನೋಡಿದವನಿಗೆ ನೋವು ಶುರುವಾಗುವುದು ನಡುರಾತ್ರಿಗೆ: ಕಣ್ಣಲ್ಲಿ ಉಸುಕು ಹೊಕ್ಕಂತೆ ಚುಚ್ಚುತ್ತದೆ, ನೀರು ಸುರಿಯುತ್ತದೆ, ದೀಪ ನೋಡಲಾಗುವುದಿಲ್ಲ. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಹೊಸ ಕೋಶಗಳು ಬೆಳೆದು ವಾಸಿಯಾಗುತ್ತದೆ. ಹೀಗೆ ವಾಸಿಯಾಗುವುದೇ ಒಂದು ಮೋಸ. ಜನ ಇದನ್ನು ನೆಗಡಿಯ ಸಾಲಿಗೆ ಸೇರಿಸಿಬಿಡುತ್ತಾರೆ. ಮನೆಮದ್ದೆಂದು ಕಣ್ಣಿನ ಮೇಲೆ ಆಲೂಗಡ್ಡೆ ಹೋಳು ಇಟ್ಟುಕೊಂಡವರಿಗೂ ಇಡದವರಿಗೂ ಸರಿಸುಮಾರು ಅಷ್ಟೇ ದಿನ ಬೇಕಾಗುವುದರಿಂದ ಹೋಳಿಗೆ ಸುಮ್ಮನೆ ಕೀರ್ತಿ ಬಂದಿದೆ. ಮರಗಟ್ಟಿಸುವ ಡ್ರಾಪ್ಸನ್ನು ಔಷಧಿ ಅಂಗಡಿಯಿಂದ ತಂದು ಮೇಲಿಂದ ಮೇಲೆ ಹಾಕಿಕೊಳ್ಳುವುದು ಮಾತ್ರ ಅಪಾಯ, ಅದು ಗಾಯ ಮಾಯುವುದನ್ನೇ ತಡೆಯುತ್ತದೆ.

ಎರಡನೆಯದು ಕಾಣುವ ಬೆಳಕು, ಅದರಲ್ಲೂ ನೀಲಿ ಭಾಗ. ಅದು ಕಾರ್ನಿಯಾ, ಮಸೂರ ಎರಡನ್ನೂ ದಾಟಿ ಹಿಂಭಾಗದ ಅಕ್ಷಿಪಟಲದ ಮೇಲೆ ಬೀಳುತ್ತದೆ. ಮಸೂರದ ಕೆಲಸವೇ ಬೆಳಕನ್ನು ಒಂದು ಬಿಂದುವಿಗೆ ಕೂಡಿಸುವುದಾದ್ದರಿಂದ ಆರ್ಕನ್ನು ದಿಟ್ಟಿಸಿದಾಗ ನೋಟದ ನಟ್ಟನಡುವಿನ ಕೋಶಗಳೇ ಪೆಟ್ಟು ತಿನ್ನುತ್ತವೆ. ಅಲ್ಲಿ ಸತ್ತ ಕೋಶ ಮತ್ತೆ ಬೆಳೆಯುವುದಿಲ್ಲ. ನೋವೂ ಇರುವುದಿಲ್ಲ, ಏಕೆಂದರೆ ಅಕ್ಷಿಪಟಲದಲ್ಲಿ ನೋವಿನ ನರಗಳಿಲ್ಲ. ಮೂರನೆಯದು ಅವಕೆಂಪು, ವರ್ಷಗಟ್ಟಲೆ ಬಿದ್ದರೆ ಮಸೂರವನ್ನು ಮಸುಕಾಗಿಸುತ್ತದೆ, ಅಂದರೆ ಕಣ್ಣಿಗೆ ಪೊರೆ ಬರಿಸುತ್ತದೆ. ಗಾಜು ಊದುವ ಕಸುಬಿನವರಲ್ಲಿ ಈ ಪೊರೆಯನ್ನು ವೈದ್ಯರು ಬಹಳ ಹಿಂದೆಯೇ ಗುರುತಿಸಿದ್ದರು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗಸಂಸ್ಥೆ 2017ರಲ್ಲಿ ವೆಲ್ಡಿಂಗಿನ ಹೊಗೆಯನ್ನೂ ವೆಲ್ಡಿಂಗಿನ ಅತಿನೇರಳೆ ಕಿರಣವನ್ನೂ ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತವಾದ ಮೊದಲ ಗುಂಪಿಗೆ ಸೇರಿಸಿತು. ಕಿರಣದ ವಿಷಯದಲ್ಲಿ ಅದು ಎತ್ತಿ ಹೇಳಿದ್ದು ಕಣ್ಣಿನೊಳಗೆ ಹುಟ್ಟುವ ಮೆಲನೋಮವನ್ನು.

ಹಾಗಾದರೆ ಎಷ್ಟು ಕಪ್ಪು ಗಾಜು ಬೇಕು? ಗಾಜಿನ ಕಪ್ಪನ್ನು ಶೇಡ್ ನಂಬರಿನಲ್ಲಿ ಅಳೆಯುತ್ತಾರೆ, ಮತ್ತು ಈ ನಂಬರಿನ ನಡೆ ಸ್ವಲ್ಪ ವಿಚಿತ್ರ. ಶೇಡ್ 10 ಎಂದರೆ ಶೇಡ್ 5ರ ಎರಡು ಪಟ್ಟು ಕಪ್ಪು ಎಂದಲ್ಲ. ಪ್ರತಿ ಒಂದು ನಂಬರು ಏರಿದಂತೆ ದಾಟುವ ಬೆಳಕು ಸುಮಾರು 2.7 ಪಟ್ಟು ಇಳಿಯುತ್ತದೆ. ಶೇಡ್ 3ರ ಗಾಜು ಬೆಳಕಿನ ಏಳರಲ್ಲಿ ಒಂದು ಪಾಲನ್ನು ಬಿಡುತ್ತದೆ, ಶೇಡ್ 9ರದು ಸುಮಾರು 2,700ರಲ್ಲಿ ಒಂದನ್ನು, ಶೇಡ್ 10ರದು 7,200ರಲ್ಲಿ ಒಂದನ್ನು, ಶೇಡ್ 11ರದು 19,000ದಲ್ಲಿ ಒಂದನ್ನು. ಗ್ರಹಣ ನೋಡಲು ಹೇಳುವ ಶೇಡ್ 14ರ ಗಾಜು ಮೂರೂವರೆ ಲಕ್ಷದಲ್ಲಿ ಒಂದಕ್ಕಿಂತಲೂ ಕಡಿಮೆ ಬಿಡುತ್ತದೆ. ಕೈಯಿಂದ ರಾಡು ಹಿಡಿದು ಮಾಡುವ ವೆಲ್ಡಿಂಗಿಗೆ, 60ರಿಂದ 160 ಆಂಪಿಯರ್ ಒಳಗೆ, ಅಮೆರಿಕದ ಸುರಕ್ಷತಾ ಮಾನಕ ಶೇಡ್ 10ನ್ನು ಸೂಚಿಸುತ್ತದೆ. ಯುರೋಪಿನ ಕೋಷ್ಟಕ ಇದೇ ಕೆಲಸಕ್ಕೆ 10–11ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಮನೆ ಮಟ್ಟದ ಕೆಲಸವೆಲ್ಲ ಈ ಮಿತಿಯೊಳಗೇ ಮುಗಿಯುತ್ತದೆ.

ಬಿಸಿಲಿಗೆ ಹಾಕುವ ಕೂಲಿಂಗ್ ಗ್ಲಾಸಿನಲ್ಲೇ ವೆಲ್ಡಿಂಗ್ ಮಾಡುವವರನ್ನು ನಮ್ಮ ಕಡೆ ಯಾವ ರಸ್ತೆಯಲ್ಲಾದರೂ ನೋಡಬಹುದು. ಲೆಕ್ಕ ಮಾಡಿದರೆ ವಿಷಯ ತಾನೇ ಇತ್ಯರ್ಥವಾಗುತ್ತದೆ. ಸಾಧಾರಣ ಕಪ್ಪು ಕನ್ನಡಕ ನೂರಕ್ಕೆ ಹತ್ತು-ಹದಿನೈದರಷ್ಟು ಬೆಳಕನ್ನು ಬಿಡುತ್ತದೆ. ಹನ್ನೆರಡು ಎಂದಿಟ್ಟುಕೊಂಡು ಒಂದರ ಮೇಲೊಂದು ಮೂರು ಕನ್ನಡಕ ಹಾಕಿಕೊಂಡರೂ ಸುಮಾರು 580ರಲ್ಲಿ ಒಂದು ಪಾಲು ಒಳಗೆ ಬರುತ್ತದೆ, ಶೇಡ್ 10ರ ಗಾಜು ಬಿಡುವುದಕ್ಕಿಂತ ಹನ್ನೆರಡು ಪಟ್ಟು ಹೆಚ್ಚು. ಒಂದೇ ಕನ್ನಡಕ ಇದ್ದರೆ ಅಂತರ ಎಂಟುನೂರು ಪಟ್ಟಿಗೂ ಮೀರುತ್ತದೆ. ಇನ್ನೂ ಕೆಟ್ಟದ್ದೆಂದರೆ ಕಪ್ಪಿನ ಹಿಂದೆ ಕಣ್ಣಿನ ಪಾಪೆ ಹಿಗ್ಗುತ್ತದೆ, ದಿಟ್ಟಿಸಿ ನೋಡಲು ಧೈರ್ಯ ಬರುತ್ತದೆ. ಬರಿಗಣ್ಣಾಗಿದ್ದರೆ ಮುಖ ತಾನಾಗಿಯೇ ಆಚೆ ತಿರುಗುತ್ತಿತ್ತು.

ಹೆಲ್ಮೆಟ್ಟಿನ ವಿಷಯಕ್ಕೆ ಬಂದರೆ, ನನ್ನ ವಾದಕ್ಕೆ ನಾನೇ ಸ್ವಲ್ಪ ಕಡಿವಾಣ ಹಾಕಬೇಕಾಗುತ್ತದೆ. ಕಣ್ಣಿಗೆ ಮೊದಲ ಸ್ಥಾನ ಎಂದ ಮಾತ್ರಕ್ಕೆ ದುಬಾರಿ ಹೆಲ್ಮೆಟ್ ಎಂದಲ್ಲ. ಕೆಲವು ನೂರು ರೂಪಾಯಿಗೆ ಸಿಗುವ, ಕೈಯಲ್ಲಿ ಹಿಡಿಯುವ ಅಥವಾ ತಲೆಗೆ ಹಾಕುವ ಫೈಬರ್ ಶೀಲ್ಡಿನಲ್ಲಿ ನಿಜವಾದ ಶೇಡ್ 11ರ ಗಾಜು ಕೂತಿದ್ದರೆ, ಅದು ಕಣ್ಣಿಗೆ ಕೊಡುವ ರಕ್ಷಣೆ ಹತ್ತು ಸಾವಿರ ರೂಪಾಯಿಯ ಹೆಲ್ಮೆಟ್ಟಿಗಿಂತ ಕಡಿಮೆಯಲ್ಲ. ಮತ್ತೆ ಆರ್ಕ್ ಕಂಡ ಕೂಡಲೇ ತಾನೇ ಕಪ್ಪಾಗುವ ಆಟೋ ಡಾರ್ಕನಿಂಗ್ ಹೆಲ್ಮೆಟ್ ಏಕೆ ಬೇಕು? ಸಾದಾ ಶೀಲ್ಡಿನ ತೊಂದರೆ ಬೆಳಕಿನದಲ್ಲ, ಕತ್ತಲೆಯದು. ಆರ್ಕ್ ಹೊತ್ತುವ ಮೊದಲು ಶೇಡ್ 11ರ ಹಿಂದೆ ಏನೂ ಕಾಣುವುದಿಲ್ಲ. ಪಳಗಿದ ಮಿಸ್ತ್ರಿ ರಾಡಿನ ತುದಿಯನ್ನು ಜಾಗಕ್ಕಿಟ್ಟು, ಕತ್ತು ಕುಣಿಸಿ ಶೀಲ್ಡ್ ಇಳಿಸಿ, ಅದೇ ಜಾಗದಲ್ಲಿ ಹೊತ್ತಿಸುತ್ತಾನೆ. ಹೊಸಬನ ಕೈ ಅಷ್ಟರಲ್ಲಿ ಒಂದಿಂಚು ಸರಿದಿರುತ್ತದೆ. ರಾಡು ಅಂಟಿಕೊಳ್ಳುತ್ತದೆ, ಎಲ್ಲೋ ಬೇಡದ ಕಡೆ ಹೊತ್ತುತ್ತದೆ. ನಾಲ್ಕು ಸಲ ಹೀಗಾದ ಮೇಲೆ ಐದನೆಯ ಸಲ ಅವನು ಶೀಲ್ಡನ್ನು ಅರ್ಧ ಎತ್ತಿ ಇಣುಕಿ ಹೊತ್ತಿಸುತ್ತಾನೆ. ಕಲಿಯುವವರ ಕಣ್ಣು ಸುಡುವುದು ಬಹುಮಟ್ಟಿಗೆ ಈ ಐದನೆಯ ಸಲದಲ್ಲಿ. ಆಟೋ ಡಾರ್ಕನಿಂಗ್ ಈ ಆಸೆಯನ್ನೇ ಇಲ್ಲವಾಗಿಸುತ್ತದೆ. ಅದರ ಬೆಲೆಯಲ್ಲಿ ನಾವು ಕೊಳ್ಳುತ್ತಿರುವುದು ಅಭ್ಯಾಸದ ಸುರಕ್ಷತೆಯನ್ನು.

ಅದು ಕೆಲಸ ಮಾಡುವ ರೀತಿ ತಿಳಿದರೆ ಪೆಟ್ಟಿಗೆಯ ಅಂಕಿಯ ಬೆಲೆಯೂ ತಿಳಿಯುತ್ತದೆ. ಸ್ವೀಡನ್ನಿನ ಓಕೆ ಹೊರ್ನೆಲ್ 1981ರಲ್ಲಿ ಸ್ಪೀಡ್‌ಗ್ಲಾಸ್ ಹೆಸರಿನಲ್ಲಿ ಇಂಥ ಫಿಲ್ಟರನ್ನು ಮಾರುಕಟ್ಟೆಗೆ ತಂದರು. ಗಡಿಯಾರದ, ಕ್ಯಾಲ್ಕ್ಯುಲೇಟರಿನ ಪರದೆಯಲ್ಲಿರುವ ದ್ರವಹರಳೇ ಇದರಲ್ಲೂ ಇದೆ. ಸೆನ್ಸರ್ ಆರ್ಕನ್ನು ಕಂಡ ಕೂಡಲೇ ಹರಳಿಗೆ ವೋಲ್ಟೇಜು ಬಿದ್ದು ಅಣುಗಳ ಸಾಲು ತಿರುಗುತ್ತದೆ, ಎರಡು ಧ್ರುವೀಕರಣ ಹಾಳೆಗಳ ನಡುವೆ ಬೆಳಕಿನ ದಾರಿ ಮುಚ್ಚುತ್ತದೆ. ಶೇಡ್ 3 ಅಥವಾ 4ರಲ್ಲಿದ್ದ ಕಿಟಕಿ 9ರಿಂದ 13ರವರೆಗೆ ನಾವು ತಿರುಗಿಸಿಟ್ಟ ಮಟ್ಟಕ್ಕೆ ಹೋಗುತ್ತದೆ. ಆದರೆ ಅತಿನೇರಳೆ ಮತ್ತು ಅವಕೆಂಪನ್ನು ತಡೆಯುವುದು ಹರಳಲ್ಲ. ಅದರ ಮುಂದೆ ತೆಳು ಲೋಹಪದರಗಳ ಲೇಪವಿರುವ ಒಂದು ಗಾಜು ಸದಾ ಇರುತ್ತದೆ. ಬ್ಯಾಟರಿ ಸತ್ತರೂ, ಸೆನ್ಸರ್ ಕುರುಡಾದರೂ ಒಳ್ಳೆಯ ಫಿಲ್ಟರಿನಲ್ಲಿ ಆ ತಡೆ ಹೋಗುವುದಿಲ್ಲ. ಆದ್ದರಿಂದ 25,000ದಲ್ಲಿ ಒಂದೋ 10,000ದಲ್ಲಿ ಒಂದೋ ಎಂಬ ಪೈಪೋಟಿ ಕಾಣುವ ಬೆಳಕಿಗೆ ಮಾತ್ರ ಸಂಬಂಧಿಸಿದ್ದು. ನಿಧಾನದ್ದನ್ನೇ ಹಿಡಿದು ನೋಡೋಣ: ದಿನಕ್ಕೆ ಇನ್ನೂರು ಸಲ ಹೊತ್ತಿಸಿದರೆ, ಪ್ರತಿ ಸಲ ಸೆಕೆಂಡಿನ ಹತ್ತು ಸಾವಿರದಲ್ಲಿ ಒಂದು ಪಾಲಿನಂತೆ ಒಟ್ಟು ಸೆಕೆಂಡಿನ ಐವತ್ತರಲ್ಲಿ ಒಂದು ಪಾಲು ಹೊತ್ತು ಕಣ್ಣಿಗೆ ಶೇಡ್ 4ರ ಮೂಲಕ ಬೆಳಕು ಬಿತ್ತು. ಪ್ರಖರ ಬೆಳಕಿಗೆ ಮನುಷ್ಯ ಕಣ್ಣು ಮುಚ್ಚಿಕೊಳ್ಳಲು ಕಾಲು ಸೆಕೆಂಡು ಹಿಡಿಯುತ್ತದೆಂದು ಲೇಸರ್ ಸುರಕ್ಷತೆಯವರು ಲೆಕ್ಕ ಇಟ್ಟುಕೊಳ್ಳುತ್ತಾರೆ. ಅದರ ಮುಂದೆ ಇದು ಏನೂ ಅಲ್ಲ.

ಹೆಲ್ಮೆಟ್ಟಿನಲ್ಲಿ ನೋಡಬೇಕಾದದ್ದು ಗಾಜಿನ ಅಂಚಿನಲ್ಲಿ ಇರುವೆ ಸಾಲಿನಷ್ಟು ಸಣ್ಣದಾಗಿ ಕೊರೆದ ಅಕ್ಷರಗಳನ್ನು. ನಮ್ಮ ದೇಶದಲ್ಲಿ ವೆಲ್ಡಿಂಗಿನ ಕಣ್ಣು-ಮುಖ ರಕ್ಷಣೆಗೆ ಐಎಸ್ 1179 ಎಂಬ ಮಾನಕವಿದೆ. ಆಟೋ ಡಾರ್ಕನಿಂಗ್ ಫಿಲ್ಟರುಗಳ ಮೇಲೆ ಯುರೋಪಿನ ಇಎನ್ 379 ಎಂಬ ಗುರುತೂ, ಒಂದು, ಒಂದು, ಒಂದು, ಎರಡು ಎಂಬಂಥ ನಾಲ್ಕು ಅಂಕಿಗಳೂ ಇರುತ್ತವೆ. ಆ ನಾಲ್ಕರಲ್ಲಿ ಕ್ರಮವಾಗಿ ನೋಟ ಎಷ್ಟು ಸೊಟ್ಟಗಾಗುತ್ತದೆ, ಬೆಳಕು ಎಷ್ಟು ಚದುರುತ್ತದೆ, ಕಪ್ಪು ಎಲ್ಲ ಕಡೆ ಒಂದೇ ಸಮನಿದೆಯೇ, ಓರೆಯಾಗಿ ನೋಡಿದಾಗ ಎಷ್ಟು ಬದಲಾಗುತ್ತದೆ ಎಂಬುದಿದೆ. ಒಂದು ಉತ್ತಮ, ಮೂರು ಕಳಪೆ. ಅಂಗಡಿಯವನು ಹೆಲ್ಮೆಟ್ಟನ್ನು ಬಿಸಿಲಿಗೆ ಹಿಡಿದು ಕಪ್ಪಾಗುವುದನ್ನು ತೋರಿಸಿ ನೋಡಿ ಸಾಹೇಬ್ರ ಎನ್ನುತ್ತಾನಲ್ಲ, ಅದರಿಂದ ಸಾಬೀತಾಗುವುದು ಹರಳು ತಿರುಗುತ್ತದೆ ಎಂಬುದಷ್ಟೇ. ಕಾಣದ ಕಿರಣವನ್ನು ತಡೆಯುವ ಲೇಪ ಅದರಲ್ಲಿ ಇದೆಯೋ ಇಲ್ಲವೋ ಬಿಸಿಲು ಹೇಳುವುದಿಲ್ಲ. ಗುರುತೇ ಇಲ್ಲದ ಆಟೋ ಹೆಲ್ಮೆಟ್ಟಿಗಿಂತ ಗುರುತಿರುವ ಸಾದಾ ಗಾಜು ಮೇಲು. ಸೆನ್ಸರ್ ಎರಡರ ಬದಲು ನಾಲ್ಕಿದ್ದರೆ ಪೈಪಿನ ಹಿಂದೆ, ಚೌಕಟ್ಟಿನ ಒಳಗೆ ಕೈಹಾಕಿ ಕೆಲಸ ಮಾಡುವಾಗ ಒಂದು ಮರೆಯಾದರೂ ಇನ್ನೊಂದು ನೋಡುತ್ತದೆ. ಹೆಚ್ಚು ಹಣ ಕೊಡುವುದಾದರೆ ಇದಕ್ಕೆ ಕೊಡಬೇಕು. ಮುಂದಿನ ಪಾರದರ್ಶಕ ಪ್ಲಾಸ್ಟಿಕ್ ತಗಡು ಕಿಡಿ ಬಿದ್ದು ಹಾಳಾಗುತ್ತಲೇ ಇರುತ್ತದೆ, ಅದರ ಬದಲಿ ಹುಬ್ಬಳ್ಳಿಯಲ್ಲಿ ಸಿಗುತ್ತದೆಯೇ ಎಂದು ಕೊಳ್ಳುವಾಗಲೇ ಕೇಳುವುದು ಜಾಣತನ.

ಇಷ್ಟೆಲ್ಲ ಕೇಳಿದ ಮೇಲೆ ಬರುವ ಆಕ್ಷೇಪವನ್ನು ಊಹಿಸುವುದು ಕಷ್ಟವಲ್ಲ. ಮೂವತ್ತು ವರ್ಷ ಗ್ಲಾಸಿಲ್ಲದೆ ಟ್ಯಾಕ್ (ತುಂಡುಗಳನ್ನು ಜಾಗಕ್ಕೆ ಹಿಡಿಸುವ ಚುಕ್ಕಿ ಬೆಸುಗೆ) ಹೊಡೆದ ಮಿಸ್ತ್ರಿಗಳು ಇದ್ದಾರಲ್ಲ, ಅವರಿಗೆ ಏನಾಗಿದೆ? ಮೊದಲನೆಯದಾಗಿ, ಇದು ಉಳಿದವರನ್ನಷ್ಟೇ ಎಣಿಸುವ ಲೆಕ್ಕ. ಕಣ್ಣು ಮಂದವಾಗಿ ಕಸುಬು ಬಿಟ್ಟವನು ಅಂಗಡಿಯಲ್ಲಿ ಉದಾಹರಣೆಯಾಗಿ ಕುಳಿತಿರುವುದಿಲ್ಲ. ಎರಡನೆಯದಾಗಿ, ಅನುಭವಿ ಮಿಸ್ತ್ರಿ ಟ್ಯಾಕ್ ಹೊಡೆಯುವಾಗ ಮುಖ ತಿರುಗಿಸಿರುತ್ತಾನೆ, ಅವನ ಕೈಗೆ ಜಾಗ ಗೊತ್ತಿರುತ್ತದೆ. ಕಲಿಯುವವನು ನೋಡಲೇಬೇಕು, ಅವನ ಕಲಿಕೆಯೆಲ್ಲ ಕರಗಿದ ಲೋಹದ ಹೊಂಡ ಹೇಗೆ ಹರಿಯುತ್ತದೆಂದು ನೋಡುವುದರಲ್ಲೇ ಇದೆ. ಹೊಂಡ ಸ್ಪಷ್ಟವಾಗಿ ಕಾಣದವನಿಗೆ ಎಂಥ ಮಷಿನ್ ಕೊಟ್ಟರೂ ಬೆಸುಗೆ ಚೆನ್ನಾಗಿ ಬರುವುದಿಲ್ಲ. ಹೆಲ್ಮೆಟ್ಟನ್ನು ಸುರಕ್ಷತೆಯ ಸಾಮಾನು ಎಂದು ಬೇರೆ ಪಟ್ಟಿಗೆ ಹಾಕುವುದೇ ತಪ್ಪು, ಅದು ವೆಲ್ಡಿಂಗ್ ಉಪಕರಣದ ಮೊದಲ ಭಾಗ.

ಇನ್ನು ವೈರು. ಮಷಿನ್ನಿನ ಮೇಲಿನ 200 ಆಂಪಿಯರ್ ಎಲ್ಲಿಂದ ಬರಬೇಕು ಎಂಬ ಪ್ರಶ್ನೆಯನ್ನು ಅಂಗಡಿಯಲ್ಲಿ ಯಾರೂ ಎತ್ತುವುದಿಲ್ಲ. ಆರ್ಕಿನ ಎರಡು ತುದಿಗಳ ನಡುವೆ ಇರುವ ವೋಲ್ಟೇಜು ಕಡಿಮೆ, ಇಪ್ಪತ್ತರಿಂದ ಮೂವತ್ತರೊಳಗೆ. 200 ಆಂಪಿಯರಿಗೆ ಅದನ್ನು 28 ವೋಲ್ಟ್ ಎಂದು ಹಿಡಿಯುತ್ತಾರೆ. ಗುಣಿಸಿದರೆ 5,600 ವ್ಯಾಟ್. ಮಷಿನ್ನಿನೊಳಗೆ ಶಾಖವಾಗಿ ಹೋಗುವ ನೂರಕ್ಕೆ ಹದಿನೈದರಷ್ಟನ್ನು ಸೇರಿಸಬೇಕು. ಅಗ್ಗದ ಇನ್ವರ್ಟರುಗಳು ಕರೆಂಟನ್ನು ಅಲೆಯ ನೆತ್ತಿಯಲ್ಲಿ ಮಾತ್ರ ಗಬಕ್ಕನೆ ಎಳೆಯುವುದರಿಂದ ಅವುಗಳ ಪವರ್ ಫ್ಯಾಕ್ಟರ್ 0.7ರ ಸುಮಾರಿಗಿರುತ್ತದೆ, ಅದನ್ನೂ ಲೆಕ್ಕಕ್ಕೆ ತರಬೇಕು. ಕೊನೆಗೆ 230 ವೋಲ್ಟಿನ ಮನೆಯ ಲೈನಿನಿಂದ ಸುಮಾರು 41 ಆಂಪಿಯರ್ ಬೇಕಾಗುತ್ತದೆ. ಮನೆಯಲ್ಲಿರುವ ಅತಿ ದೊಡ್ಡ ಪವರ್ ಪ್ಲಗ್ಗಿನ ಮಿತಿ 16. ಎಂದರೆ ಆ 200 ಎಂಬುದು ತಂಬೂರದ ಒಂದು ಮನೆಯೊಳಗೆ ಎಂದಿಗೂ ಹುಟ್ಟಲಾರದ ಅಂಕಿ. ಎಂಸಿಬಿ ಬೀಳುತ್ತದೆ. ಎಂಸಿಬಿಯ ಜಾಗದಲ್ಲಿ ಯಾರಾದರೂ ದಪ್ಪ ತಂತಿ ಕಟ್ಟಿದ್ದರೆ ಗೋಡೆಯೊಳಗಿನ ವೈರು ಕಾಯುತ್ತದೆ.

ಅದೇ ಲೆಕ್ಕವನ್ನು ತಿರುವಿ ಹಾಕಿದರೆ ಸಮಾಧಾನದ ಸುದ್ದಿಯೂ ಇದೆ. ನಮ್ಮ ಮಿಸ್ತ್ರಿಗಳು ಹನ್ನೆರಡು ನಂಬರ್ ಎನ್ನುವ, 2.5 ಮಿಲಿಮೀಟರ್ ದಪ್ಪದ ರಾಡಿಗೆ 75 ಆಂಪಿಯರ್ ಸಾಕು. ಅದಕ್ಕೆ ಲೈನಿನಿಂದ ಹನ್ನೆರಡು-ಹದಿಮೂರು ಆಂಪಿಯರ್ ಎಳೆದರೆ ಆಯಿತು, ಪ್ಲಗ್ಗಿನ ಮಿತಿಯೊಳಗೇ. ಗೇಟು, ಕಿಟಕಿ ಸರಳು, ಚೌಕ ಪೈಪಿನ ಬೆಂಚು, ಬಾವಿಕಟ್ಟೆಯ ಗಿರಕಿ ಸ್ಟ್ಯಾಂಡು, ವಿದ್ಯಾರ್ಥಿಯ ಪ್ರಾಜೆಕ್ಟಿನ ಚೌಕಟ್ಟು ಎಲ್ಲವೂ ಈ ರಾಡಿನಲ್ಲಿ ಆಗುತ್ತವೆ. ಹತ್ತು ನಂಬರಿಗೆ, ಅಂದರೆ 3.15 ಮಿಲಿಮೀಟರಿನದಕ್ಕೆ, 120 ಆಂಪಿಯರ್ ಇಟ್ಟರೆ ಲೈನು 22 ಆಂಪಿಯರ್ ಕೊಡಬೇಕು. ಅದಕ್ಕೆ ಮೀಟರ್ ಬೋರ್ಡಿನಿಂದಲೇ 4 ಚದರ ಮಿಲಿಮೀಟರ್ ತಾಮ್ರದ ಬೇರೆ ವೈರು ಎಳೆಸಿ, 32 ಆಂಪಿಯರಿನ ಎಂಸಿಬಿ ಮತ್ತು ಇಂಡಸ್ಟ್ರಿಯಲ್ ಸಾಕೆಟ್ ಹಾಕಿಸಬೇಕು. ಮಂಜೂರಾದ ಲೋಡು ಅಷ್ಟಿಲ್ಲದಿದ್ದರೆ ವಿದ್ಯುತ್ ಕಂಪನಿ ಹೆಸ್ಕಾಂಗೆ ಅರ್ಜಿ ಕೊಟ್ಟು ಏರಿಸಿಕೊಳ್ಳಬೇಕು. ಪಂಪ್‌ಸೆಟ್ಟಿನ ಲೈನಿಗೆ ಜೋಡಿಸುವುದು, ಕಂಬದ ತಂತಿಗೆ ಹುಕ್ಕು ಹಾಕುವುದು ಕಾನೂನಿಗೂ ಒಪ್ಪದ್ದು, ಜೀವಕ್ಕೂ ಒಪ್ಪದ್ದು.

ಎಕ್ಸ್‌ಟೆನ್ಶನ್ ವೈರಿನ ಪಾತ್ರವನ್ನು ಜನ ಸಾಮಾನ್ಯವಾಗಿ ಗಮನಿಸುವುದಿಲ್ಲ. ಮನೆಯಿಂದ ಕೊಟ್ಟಿಗೆಗೆ ಮೂವತ್ತು ಮೀಟರ್ ಇದೆ ಎಂದುಕೊಳ್ಳಿ. 1 ಚದರ ಮಿಲಿಮೀಟರಿನ ವೈರಿನಲ್ಲಿ ಹೋಗಿಬರುವ ಅರವತ್ತು ಮೀಟರಿನ ರೋಧ ಒಂದು ಓಮಿಗಿಂತ ಸ್ವಲ್ಪ ಹೆಚ್ಚು. 20 ಆಂಪಿಯರ್ ಹರಿದರೆ ದಾರಿಯಲ್ಲೇ 22 ವೋಲ್ಟ್ ಕಳೆದುಹೋಗುತ್ತದೆ, 430 ವ್ಯಾಟಿನಷ್ಟು ಶಾಖ ವೈರಿನ ಉದ್ದಕ್ಕೂ ಹರಡುತ್ತದೆ. ವೈರನ್ನು ಸುರುಳಿ ಬಿಚ್ಚದೆ ಇಟ್ಟರೆ ಆ ಶಾಖಕ್ಕೆ ಹೋಗಲು ಜಾಗವಿಲ್ಲ. 2.5 ಚದರ ಮಿಲಿಮೀಟರಿನದಾದರೆ ನಷ್ಟ ಒಂಬತ್ತು ವೋಲ್ಟಿಗೆ ಇಳಿಯುತ್ತದೆ. ಹಳ್ಳಿಯ ಲೈನಿನಲ್ಲಿ ಪಂಪುಗಳು ಓಡುವ ಹೊತ್ತಿಗೆ ವೋಲ್ಟೇಜು ಮೊದಲೇ ಕುಸಿದಿರುತ್ತದೆ. ಇಲ್ಲಿ ಇನ್ವರ್ಟರಿನ ಸ್ವಭಾವ ಹಳೆಯ ಟ್ರಾನ್ಸ್‌ಫಾರ್ಮರ್ ಮಷಿನ್ನಿಗಿಂತ ಬೇರೆ. ಹಳೆಯದು ವೋಲ್ಟೇಜು ಇಳಿದರೆ ತಾನೂ ಮಂಕಾಗುತ್ತದೆ. ಇನ್ವರ್ಟರ್ ಹಾಗಲ್ಲ, ಆರ್ಕಿನ ಆಂಪಿಯರನ್ನು ಬಿಟ್ಟುಕೊಡದೆ ಲೈನಿನಿಂದ ಹೆಚ್ಚು ಎಳೆಯುತ್ತದೆ: 230ರಲ್ಲಿ 22 ಆಂಪಿಯರ್ ಎಳೆಯುತ್ತಿದ್ದದ್ದು 180 ವೋಲ್ಟಿಗೆ ಬಂದಾಗ 28 ಎಳೆಯುತ್ತದೆ. ವೋಲ್ಟೇಜು ಇನ್ನಷ್ಟು ಕುಸಿಯುತ್ತದೆ, ಪಕ್ಕದ ಮನೆಯ ದೀಪ ಮಿಣುಕುತ್ತದೆ, ಒಂದು ಹಂತದಲ್ಲಿ ಮಷಿನ್ ಕೆಂಪು ದೀಪ ತೋರಿಸಿ ನಿಲ್ಲುತ್ತದೆ. ಮಷಿನ್ ಕೆಟ್ಟಿತೆಂದು ಅಂಗಡಿಗೆ ಹೊತ್ತುಕೊಂಡು ಹೋದರೆ ಅಲ್ಲಿ ಅದು ಸರಿಯಾಗಿಯೇ ಉರಿಯುತ್ತದೆ.

ಈಗ ಮಷಿನ್ನಿಗೆ ಬರಬಹುದು. ಅದರ ಬೆನ್ನಿಗೆ ಅಂಟಿಸಿದ ಸಣ್ಣ ತಗಡಿನಲ್ಲಿ ಡ್ಯೂಟಿ ಸೈಕಲ್ ಎಂಬ ಒಂದು ಸಾಲು ಇರುತ್ತದೆ. ಇಲ್ಲದಿದ್ದರೆ ಆ ಮಷಿನ್ನನ್ನು ಅಲ್ಲೇ ಬಿಟ್ಟು ಬರುವುದು ಒಳ್ಳೆಯದು. 200 ಆಂಪಿಯರಿಗೆ ಶೇಕಡಾ 30 ಎಂದಿದ್ದರೆ, ಸುತ್ತಲಿನ ಗಾಳಿ 40 ಡಿಗ್ರಿ ಇರುವಾಗ ಹತ್ತು ನಿಮಿಷದಲ್ಲಿ ಮೂರು ನಿಮಿಷ ಮಾತ್ರ ಅಷ್ಟು ಕೊಡಬಲ್ಲದು, ಏಳು ನಿಮಿಷ ತಣಿಯಬೇಕು ಎಂದರ್ಥ. ಶಾಖ ಆಂಪಿಯರಿನ ವರ್ಗಕ್ಕೆ ತಕ್ಕಂತೆ ಏರುವುದರಿಂದ ಇದೇ ಮಷಿನ್ ಬಿಡುವಿಲ್ಲದೆ ಕೊಡಬಲ್ಲದ್ದು ಸುಮಾರು 110 ಆಂಪಿಯರ್. ಚೈತ್ರದ ಬಿಸಿಲಿನಲ್ಲಿ ತಗಡಿನ ಶೆಡ್ಡಿನೊಳಗೆ ಕೂತರೆ ಇನ್ನೂ ಕಡಿಮೆ. ಪ್ರಾಮಾಣಿಕವಾಗಿ 140 ಎಂದು ಬರೆದು ಶೇಕಡಾ 60 ಡ್ಯೂಟಿ ಸೈಕಲ್ ಇರುವ ಮಷಿನ್ನೂ ಬಿಡುವಿಲ್ಲದೆ ಕೊಡುವುದು ಅಷ್ಟನ್ನೇ, ಸುಮಾರು 108. ಎರಡು ಪೆಟ್ಟಿಗೆಗಳ ಮೇಲಿನ ಅಂಕಿಗಳಲ್ಲಿ ಅರವತ್ತರ ಅಂತರವಿದ್ದರೂ ಒಳಗಿರುವ ಸರಕು ಒಂದೇ.

ಆದರೆ ಡ್ಯೂಟಿ ಸೈಕಲ್ಲಿಗೂ ಹೊಸಬ ವಿಪರೀತ ತಲೆಕೆಡಿಸಿಕೊಳ್ಳಬೇಕಿಲ್ಲ. ಒಂದು ರಾಡು ಉರಿದು ಮುಗಿಯಲು ಸುಮಾರು ಒಂದು ನಿಮಿಷ ಸಾಕು. ಆಮೇಲೆ ಬೆಸುಗೆಯ ಮೇಲೆ ಗಟ್ಟಿಯಾದ ಸ್ಲ್ಯಾಗಿನ ಚಿಪ್ಪನ್ನು ಸುತ್ತಿಗೆಯಿಂದ ಕುಟ್ಟಬೇಕು, ಬ್ರಷ್ಷಿನಿಂದ ತಿಕ್ಕಬೇಕು, ನೋಡಬೇಕು, ಅತೃಪ್ತಿಯಿಂದ ಗ್ರೈಂಡರ್ ಹಿಡಿಯಬೇಕು, ಮುಂದಿನ ತುಂಡನ್ನು ಕ್ಲ್ಯಾಂಪಿಗೆ ಕಟ್ಟಬೇಕು. ಕಲಿಯುವವನ ಆರ್ಕ್ ಹತ್ತು ನಿಮಿಷದಲ್ಲಿ ಮೂರು ನಿಮಿಷ ಹೊತ್ತಿದ್ದರೆ ಅವನು ಬಹಳ ಚುರುಕು ಎನ್ನಬೇಕು.

ರಾಡಿನ ಮಷಿನ್ನೇ ಏಕೆ, ರಾಡಿನ ಬದಲು ತಂತಿ ಬಳಸುವ ಮಿಗ್ ಕಲಿಯುವುದು ಸುಲಭವಲ್ಲವೇ ಎಂದು ಕೇಳಬಹುದು. ಸುಲಭ ನಿಜ, ಬಂದೂಕಿನ ಕುದುರೆ ಎಳೆದಂತೆ ಎಳೆದರೆ ತಂತಿ ತಾನೇ ಬರುತ್ತದೆ. ಆದರೆ ಅದರ ಬೆಸುಗೆಯನ್ನು ಗಾಳಿಯಿಂದ ಕಾಯುವುದು ಸಿಲಿಂಡರಿನಿಂದ ಬರುವ ಅನಿಲದ ತೆಳು ಹೊದಿಕೆ. ಗಾಳಿ ಗಂಟೆಗೆ ಏಳೆಂಟು ಕಿಲೋಮೀಟರ್ ವೇಗ ಮೀರಿದರೆ ಆ ಹೊದಿಕೆ ಹರಿಯುತ್ತದೆ, ಬೆಸುಗೆಯೊಳಗೆ ತೂತುಗಳು ಬೀಳುತ್ತವೆ. ಕಲಘಟಗಿಯ ಆಷಾಢದ ಗಾಳಿಯಲ್ಲಿ ತೆರೆದ ಅಂಗಳದಲ್ಲಿ ಇದು ನಡೆಯದ ಮಾತು. ಸಿಲಿಂಡರ್ ತುಂಬಿಸಲು ಪ್ರತಿ ಸಲ ಹುಬ್ಬಳ್ಳಿಗೆ ಹೋಗಬೇಕು. ರಾಡಿನ ಮೇಲಿನ ಲೇಪ ಉರಿದು ತನ್ನ ಅನಿಲವನ್ನು ತಾನೇ ಮಾಡಿಕೊಳ್ಳುತ್ತದೆ, ಮೇಲೆ ಸ್ಲ್ಯಾಗಿನ ಚಿಪ್ಪನ್ನೂ ಹೊದಿಸುತ್ತದೆ. ರಾಡಿನ ಶತ್ರು ಗಾಳಿಗಿಂತ ತೇವ. ಅರೆಮಲೆನಾಡಿನ ಮಳೆಗಾಲದಲ್ಲಿ ಪೊಟ್ಟಣ ಒಡೆದಿಟ್ಟ ರಾಡು ತೇವ ಕುಡಿಯುತ್ತದೆ. 6013 ಎಂಬ ಸಾಮಾನ್ಯ ರಾಡು ಅದನ್ನು ಅಷ್ಟಿಷ್ಟು ತಾಳಿಕೊಳ್ಳುತ್ತದೆ, ಗಾಳಿಯಾಡದ ಡಬ್ಬಿಯಲ್ಲಿಟ್ಟರೆ ಸಾಕು. 7018 ಎಂಬ ರಾಡು ತಾಳುವುದಿಲ್ಲ, ಅದನ್ನು 300 ಡಿಗ್ರಿಗೂ ಹೆಚ್ಚಿನ ಒಲೆಯಲ್ಲಿ ಗಂಟೆಗಟ್ಟಲೆ ಒಣಗಿಸದೆ ಬಳಸಿದರೆ ತೇವದಲ್ಲಿನ ಜಲಜನಕ ಉಕ್ಕಿನೊಳಗೆ ಸೇರಿ ಆಮೇಲೆ ಬಿರುಕು ಬಿಡಿಸುತ್ತದೆ. ಮೊದಲ ವರ್ಷಕ್ಕೆ 6013 ಬಿಟ್ಟು ಬೇರೆ ಬೇಡ.

ಹೊಗೆಯ ಬಗ್ಗೆ ಒಂದು ಮಾತು ಸೇರಿಸಲೇಬೇಕು. ಜಿಐ ಪೈಪು, ಸತುವಿನ ಲೇಪದ ತಗಡು ಹಳ್ಳಿಯಲ್ಲಿ ಎಲ್ಲೆಲ್ಲೂ ಇವೆ. ವೆಲ್ಡಿಂಗ್ ಮಾಡಿದಾಗ ಸತು ಆವಿಯಾಗಿ ಬಿಳಿ ಹೊಗೆಯಾಗಿ ಏಳುತ್ತದೆ, ಅದನ್ನು ಕುಡಿದವನಿಗೆ ರಾತ್ರಿ ಚಳಿಜ್ವರ ಬರುತ್ತದೆ. ಬೆಸೆಯುವ ಜಾಗದ ಲೇಪವನ್ನು ಮೊದಲು ಗ್ರೈಂಡರಿನಿಂದ ತೆಗೆದು, ಗಾಳಿಗೆ ಅಡ್ಡಲಾಗಿ ನಿಂತು ಕೆಲಸ ಮಾಡಿದರೆ ಬಹುಪಾಲು ತಪ್ಪುತ್ತದೆ. ಖಾಲಿ ಡೀಸೆಲ್ ಬ್ಯಾರೆಲ್ಲಿಗೆ ಮಾತ್ರ ಯಾವ ಕಾರಣಕ್ಕೂ ಆರ್ಕ್ ತಾಗಿಸಬಾರದು. ಕಣ್ಣಿಗೆ ಖಾಲಿ ಕಂಡರೂ ಅದರೊಳಗೆ ಉಳಿದ ಆವಿ ಸಿಡಿಯಲು ಸಾಕಾಗುತ್ತದೆ.

ರಸ್ತೆ ಬದಿಯಲ್ಲಿ, ಅಂಗಳದಲ್ಲಿ ವೆಲ್ಡಿಂಗ್ ನಡೆದರೆ ಮಕ್ಕಳು ನೋಡಲು ನಿಲ್ಲುತ್ತಾರೆ, ಅವರಿಗೆ ಹೆಲ್ಮೆಟ್ ಇಲ್ಲ. ಒಂದು ಮೀಟರ್ ದೂರದಲ್ಲಿ ರಕ್ಷಣೆಯಿಲ್ಲದ ಕಣ್ಣಿಗೆ ಇಡೀ ದಿನಕ್ಕೆ ತಡೆಯಬಹುದಾದಷ್ಟು ಅತಿನೇರಳೆ ಒಂದು ನಿಮಿಷದೊಳಗೇ ಬೀಳುತ್ತದೆ. ದೂರ ಹೆಚ್ಚಿದಂತೆ ಅದು ದೂರದ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ: ಹತ್ತು ಮೀಟರಿನಲ್ಲಿ ನೂರರಲ್ಲಿ ಒಂದು ಪಾಲು. ಹೀಗಾಗಿ ಒಂದು ಹಳೆಯ ಜಮಖಾನೆಯ ತೆರೆಯೂ ಹತ್ತು ಹೆಜ್ಜೆ ಅಂತರವೂ ಬಿಟ್ಟಿಯಾಗಿ ಸಿಗುವ ರಕ್ಷಣೆಗಳು. ಪಕ್ಕದಲ್ಲಿ ನಿಂತು ಕಬ್ಬಿಣ ಹಿಡಿದುಕೊಡುವವನಿಗೆ ಪಾಲಿಕಾರ್ಬೊನೇಟಿನ ಪಾರದರ್ಶಕ ಸುರಕ್ಷಾ ಕನ್ನಡಕವಾದರೂ ಬೇಕು, ಅದು ನೀಲಿ ಬೆಳಕನ್ನು ತಡೆಯದಿದ್ದರೂ ಅತಿನೇರಳೆಯ ಬಹುಭಾಗವನ್ನು ತಡೆಯುತ್ತದೆ. ದಿಟ್ಟಿಸಿ ನೋಡಬಾರದು ಎಂದು ಅವನಿಗೆ ಹೇಳಿರಬೇಕು.

ನಾಳೆ ದೊಡ್ಡ ಕೆಲಸ ಬಂದರೆ ಸಣ್ಣ ಮಷಿನ್ ಸಾಲದಲ್ಲ ಎಂಬುದು ಕೊನೆಯ ಆಕ್ಷೇಪ, ಮತ್ತು ಅದರಲ್ಲಿ ಹುರುಳಿದೆ. ದಪ್ಪ ಪಟ್ಟಿಯನ್ನು ಹನ್ನೆರಡು ನಂಬರಿನಲ್ಲಿ ಒಂದೇ ಓಟಕ್ಕೆ ತುಂಬಲಾಗುವುದಿಲ್ಲ. ಅಂಚನ್ನು ಗ್ರೈಂಡರಿನಿಂದ ಓರೆ ಮಾಡಿ, ಮೂರು ನಾಲ್ಕು ಪದರಗಳಲ್ಲಿ ತುಂಬಿದರೆ ಕಲ್ಟಿವೇಟರಿನ ಪಟ್ಟಿಯಂಥದ್ದು ಆಗುತ್ತದೆ, ಹೊತ್ತು ಹೆಚ್ಚು ಹಿಡಿಯುತ್ತದೆ ಅಷ್ಟೇ. ಇದಕ್ಕೂ ಮೀರಿದ್ದು ಟ್ರ್ಯಾಕ್ಟರಿಗೂ ಟ್ರೇಲರಿಗೂ ನಡುವಿನ ಕೊಂಡಿ, ಟ್ರೇಲರಿನ ಅಚ್ಚು, ನೀರಿನ ಟ್ಯಾಂಕರಿನ ಚಾಸಿ. ಕಬ್ಬು ತುಂಬಿದ ಟ್ರೇಲರ್ ಹೆದ್ದಾರಿಯ ಇಳಿಜಾರಿನಲ್ಲಿ ಕಳಚಿಕೊಂಡರೆ ಏನಾಗುತ್ತದೆಂದು ಇಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಅಂಥ ಬೆಸುಗೆಗೆ 200 ಆಂಪಿಯರ್ ಬೇಕಾಗಬಹುದು, ಒಣಗಿಸಿದ 7018 ಬೇಕು, ಎಲ್ಲಕ್ಕಿಂತ ಮುಖ್ಯವಾಗಿ ಹತ್ತಾರು ವರ್ಷ ಇದನ್ನೇ ಮಾಡಿದ ಕೈ ಬೇಕು. ಅದು ಮೂರು ಫೇಸಿನ ಲೈನು ಇರುವ ಅಂಗಡಿಯ ಕೆಲಸ. ಹವ್ಯಾಸಿ ತನ್ನ ಮನೆಗೆ 140ರ ಮಷಿನ್ ಕೊಂಡು, ಉಳಿದ ಹಣದಲ್ಲಿ ಗುರುತಿರುವ ಹೆಲ್ಮೆಟ್, ದಪ್ಪ ವೈರು, ಒಣ ಚರ್ಮದ ಕೈಗವಸು ಮತ್ತು ಎರಡು ಪೊಟ್ಟಣ 6013 ತಂದುಕೊಂಡರೆ, ವರ್ಷಕ್ಕೊಮ್ಮೆ ಬರುವ ಆ ಒಂದು ಕೊಂಡಿಯ ಕೆಲಸಕ್ಕೆ ಅಂಗಡಿಯವನಿಗೆ ಕೊಡುವ ಮಜೂರಿ ದೊಡ್ಡ ಮಷಿನ್ನಿನ ಹೆಚ್ಚುವರಿ ಬೆಲೆಗಿಂತ ಕಡಿಮೆಯೇ ಆಗುತ್ತದೆ.